ತಬೂಕಿನಲ್ಲಿ ತೋಟೆ ತುಂಬಲು ಕಲಿತದ್ದು

ಹಲ್ಲಿನ ಸೆಟ್ಟೊಂದು ಸರಿಯಾಗಿ ಕೂರದೆ ಹೋದದ್ದರಿಂದ ನಾನು ರೈಫಲ್ಲಿನ ತೋಟೆ ತುಂಬುವುದನ್ನು ಕಲಿತೆ. ಮಂಗಳೂರಿನಲ್ಲಿ ಓದುತ್ತಿರುವ ನನ್ನ ಮಗಳಿಗೆ ಫೋನಿನಲ್ಲಿ ಹೀಗೆಂದು ಹೇಳಿದಾಗ ಅವಳು ತಮಾಷೆಯೆಂದುಕೊಂಡಳು. ಆದರೆ ನಡೆದದ್ದು ಹಾಗೆಯೇ.

ನಾನು ಡೆಂಟಲ್ ಟೆಕ್ನಿಷಿಯನ್. ಹಲ್ಲಿನ ಡಾಕ್ಟರು ಬೇರೆ, ನಾವು ಬೇರೆ. ಅವರು ಬಾಯಿಯ ಅಚ್ಚು ತೆಗೆದು ಒಳಗೆ ಕಳಿಸುತ್ತಾರೆ. ಹಿಂದಿನ ಕೋಣೆಯಲ್ಲಿ ಕುಳಿತು ಆ ಅಚ್ಚಿಗೆ ಒಪ್ಪುವ ಹಲ್ಲು ಮಾಡಿಕೊಡುವವರು ನಾವು. ಮೇಣ, ಗಾರೆ, ಲೋಹ, ಅರ, ಮೆರುಗು ಕೊಡುವ ಬ್ರಶ್ಶು, ಇವುಗಳ ನಡುವೆ ನನ್ನ ಅರ್ಧ ಆಯುಷ್ಯ ಕಳೆದಿದೆ. ಊರು ಬಂಟ್ವಾಳದ ಹತ್ತಿರ. ಮದುವೆಯಾದ ಮೇಲೆ ಗಂಡನ ಹಿಂದೆ ಸೌದಿಯ ತಬೂಕಿಗೆ ಬಂದೆ. ಅವರು ಇಲ್ಲಿನ ಒಂದು ದೊಡ್ಡ ತೋಟದ ಹಣ್ಣು ಪ್ಯಾಕ್ ಮಾಡುವ ವಿಭಾಗದಲ್ಲಿ ಸೂಪರ್‌ವೈಸರ್. ನನಗೂ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಕ್ಲಿನಿಕ್ಕಿನ ಒಡತಿ ಇಲ್ಲಿನವರೇ ಆದ ಒಬ್ಬ ಡಾಕ್ಟರು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವರು. ಬಿರುಸಿನ ನಡಿಗೆ, ಬಿರುಸಿನ ಮಾತು. ನನ್ನ ಮುರುಕು ಅರಬಿಗೆ ನಗುತ್ತಲೇ ಅದನ್ನು ತಿದ್ದಿದವರು.

ಡಾಕ್ಟರರ ತಂದೆ ಸೈನ್ಯದಲ್ಲಿದ್ದು ನಿವೃತ್ತರಾದವರು. ಅವರ ಕೆಳಗಿನ ಹಲ್ಲಿನ ಸೆಟ್ಟನ್ನು ನಾನೇ ಮಾಡಿದ್ದೆ. ಅದು ಮಾತಾಡುವಾಗ ಟಕಟಕ ಅನ್ನುತ್ತದೆಂದು ಅವರು ಎರಡು ಸಲ ಕ್ಲಿನಿಕ್ಕಿಗೆ ಬಂದರು. ಸರಿ ಮಾಡಿ ಕಳಿಸಿದರೂ ಮತ್ತೆ ಅದೇ ದೂರು. ಆಮೇಲೆ ಅವರು ಬರುವುದನ್ನೇ ನಿಲ್ಲಿಸಿ, ಸೆಟ್ಟನ್ನು ಲೋಟದಲ್ಲಿ ಹಾಕಿಟ್ಟು ಖರ್ಜೂರವನ್ನೂ ಮೊಸರನ್ನೂ ತಿಂದುಕೊಂಡು ಕುಳಿತರು. ಒಂದು ದಿನ ಡಾಕ್ಟರು ನನ್ನ ಮೇಜಿನ ಬಳಿ ಬಂದು, "ಅಪ್ಪ ಇನ್ನು ಕ್ಲಿನಿಕ್ಕಿಗೆ ಕಾಲಿಡುವುದಿಲ್ಲವಂತೆ. ನೀನೇ ಮನೆಗೆ ಬಾ" ಅಂದರು. ನಾನು ಸಣ್ಣ ಮೋಟರು, ಅರ, ಹಲ್ಲು ಎಲ್ಲಿ ತಾಗುತ್ತದೆಂದು ನೋಡುವ ನೀಲಿ ಕಾಗದ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೊರಟೆ.

ಸೆಟ್ಟನ್ನು ಹಿಡಿದು ಅರೆಯಲು ಗಟ್ಟಿಯಾದ ಮೇಜು ಬೇಕಿತ್ತು. ಡಾಕ್ಟರು ನನ್ನನ್ನು ಅಂಗಳದಾಚೆಯ ಹೊರಕೋಣೆಗೆ ಕರೆದೊಯ್ದು ದೀಪ ಹಾಕಿದರು. ನಾನು ಬಾಗಿಲಲ್ಲೇ ನಿಂತೆ. ಯಾರೋ ನನ್ನ ಲ್ಯಾಬಿನ ಮೇಜನ್ನು ಎತ್ತಿ ತಂದು ಅಲ್ಲಿಟ್ಟಂತಿತ್ತು. ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ, ಅಳೆಯುವ ವರ್ನಿಯರ್, ಸಾಲಾಗಿ ಜೋಡಿಸಿದ ಸಣ್ಣ ಅರಗಳು, ಮೆರುಗು ಕೊಡುವ ಡಬ್ಬಿ. ಮೇಜಿನ ಅಂಚಿಗೆ ಬೋಲ್ಟು ಹಾಕಿ ಕೂರಿಸಿದ್ದ ಒಂದು ಕಬ್ಬಿಣದ ಪ್ರೆಸ್ಸು ಮಾತ್ರ ಹೊಸತು. ಅದರ ಉದ್ದನೆಯ ಹಿಡಿಯನ್ನು ನೋಡಿದಾಗ ನಮ್ಮ ಕಡೆಯ ಸೇಮಿಗೆ ಒತ್ತುವ ಮಣೆ ನೆನಪಾಯಿತು. ಪಕ್ಕದ ಗಾಜಿನ ಭರಣಿಯಲ್ಲಿ ಖಾಲಿ ಹಿತ್ತಾಳೆಯ ಚಿಪ್ಪುಗಳು ತುಂಬಿದ್ದವು. ಎಲ್ಲದರ ಮೇಲೂ ತಬೂಕಿನ ನುಣ್ಣನೆಯ ಧೂಳು.

"ಇದು ಎಂಥದು?" ಎಂದು ಕೇಳಿದೆ.

"ಅಪ್ಪ ತೋಟೆ ತುಂಬುತ್ತಿದ್ದ ಜಾಗ. ಈಗ ಕೈ ನಡುಗುತ್ತದಲ್ಲ, ಬಿಟ್ಟಿದ್ದಾರೆ."

ಸೆಟ್ಟು ಅಂದು ಸರಿಯಾಯಿತು. ದವಡೆಯ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಎತ್ತರವಿತ್ತು, ಅಷ್ಟೇ. ಮುದುಕರು ಬಾಯಿ ತೆರೆದು ಮುಚ್ಚಿ, ಗಟ್ಟಿಯಾಗಿ ಎರಡು ಮಾತಾಡಿ, "ಖಲಾಸ್, ಸರಿಯಾಯಿತು" ಅಂದರು. ಕಹ್ವಾ, ಎಂದರೆ ಅರಬಿ ಕಾಫಿ, ತಂದು ಕೊಟ್ಟರು. ಲೋಟ ಕೊಡುವಾಗ ಅವರ ಬಲಗೈ ನಡುಗುವುದನ್ನು ನಾನು ನೋಡಿದೆ. ಅವರು ಅದನ್ನು ಮುಚ್ಚಿಡಲಿಲ್ಲ. ಬಾಯಿ ತಡೆಯದೆ ನಾನು ಮೇಜಿನ ವಿಷಯ ಎತ್ತಿದೆ. ಅವರ ಮುಖವೇ ಬದಲಾಯಿತು. ಕಹ್ವಾ ಅಲ್ಲೇ ಬಿಟ್ಟು, ನನ್ನನ್ನು ಮತ್ತೆ ಹೊರಕೋಣೆಗೆ ಕರೆದೊಯ್ದು, ಭರಣಿಯಿಂದ ಒಂದು ಚಿಪ್ಪು ತೆಗೆದು ನನ್ನ ಅಂಗೈಯಲ್ಲಿಟ್ಟರು.

ಒಂದು ತೋಟೆಯಲ್ಲಿ ಇರುವುದು ನಾಲ್ಕೇ ವಸ್ತು ಎಂದು ಅವರು ವಿವರಿಸಿದರು. ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಕೋವಿಯ ಕುದುರೆ, ಎಂದರೆ ಟ್ರಿಗರ್, ಎಳೆದಾಗ ಕೇಪು ಸಿಡಿಯುತ್ತದೆ, ಮದ್ದು ಉರಿಯುತ್ತದೆ, ಗುಂಡು ಹಾರಿಹೋಗುತ್ತದೆ. ಚಿಪ್ಪು ಮಾತ್ರ ಉಳಿಯುತ್ತದೆ. ಶಾಖಕ್ಕೂ ಒತ್ತಡಕ್ಕೂ ಅದು ಸ್ವಲ್ಪ ಉಬ್ಬಿರುತ್ತದೆ. ಅದನ್ನು ಉಜ್ಜಿ, ಒತ್ತಿ ಮೊದಲಿನ ಆಕಾರಕ್ಕೆ ತಂದು, ಉದ್ದ ಸರಿಮಾಡಿ, ಮತ್ತೆ ತುಂಬಬಹುದು. ಹಾಗೆ ಒಂದೊಂದನ್ನೂ ಒಂದೇ ಸಮನಾಗಿ ಮಾಡಿದರೆ ಕೋವಿ ಪ್ರತಿ ಸಲವೂ ಒಂದೇ ಜಾಗಕ್ಕೆ ಹೊಡೆಯುತ್ತದೆ.

ಡಾಕ್ಟರು ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದರು. ಊರ ಹೊರಗಿನ ಶೂಟಿಂಗ್ ಕ್ಲಬ್ಬಿನಲ್ಲಿ ಹೆಂಗಸರಿಗೂ ಅವಕಾಶ ಬಂದ ಮೇಲೆ ಅವರು ತಂದೆಯ ಹಳೆಯ ರೈಫಲ್ ಹಿಡಿದು ಗುರಿ ಹೊಡೆಯಲು ಹೋಗುತ್ತಿದ್ದರಂತೆ. ನನಗದು ಅಂದೇ ಗೊತ್ತಾದದ್ದು.

"ಅಂಗಡಿಯ ತೋಟೆ ಹಾಕಿ ಹೊಡೆದರೆ ತೂತುಗಳು ಅಂಗೈಯಷ್ಟು ಅಗಲಕ್ಕೆ ಹರಡುತ್ತವೆ" ಎಂದರು ಅವರು. "ಅಪ್ಪ ತುಂಬಿದ್ದಾದರೆ ಒಂದು ರಿಯಾಲ್ ನಾಣ್ಯದಿಂದ ಮುಚ್ಚಬಹುದು. ಆ ತೋಟೆಗಳೆಲ್ಲ ಮುಗಿದುಹೋದವು."

"ನೀವೇ ತುಂಬಬಹುದಲ್ಲ, ದುಕ್ತೂರಾ?"

"ನಾನು ಪ್ರಯತ್ನಿಸಿದೆ. ಬಾಯಿ ತೆರೆದು ಕುಳಿತವರ ಮುಂದೆ ಮಾತ್ರ ನನಗೆ ತಾಳ್ಮೆ. ಹಿತ್ತಾಳೆಯ ಮುಂದೆ ಇಲ್ಲ."

ನಾನು ಆ ಚಿಪ್ಪಿನ ಬಾಯಿಯನ್ನು ಬೆರಳಿನಿಂದ ಸವರುತ್ತಿದ್ದೆ. ಅಂಚಿನಲ್ಲಿ ಒಂದು ಕಡೆ ಸಣ್ಣ ಚೂಪು ಉಳಿದಿತ್ತು. ಅಂಥದ್ದು ಕೈಗೆ ಸಿಕ್ಕರೆ ನನಗೆ ಬಿಡಲಾಗುವುದಿಲ್ಲ, ಅರ ಹಿಡಿದು ನಯಮಾಡಲೇಬೇಕು. ಮುದುಕರು ನನ್ನ ಬೆರಳನ್ನೇ ನೋಡುತ್ತಿದ್ದರು. "ಕಲಿಯುತ್ತೀಯಾ?" ಅಂದರು. ನಾನು ಯೋಚಿಸುವ ಮೊದಲೇ ಹೌದೆಂದುಬಿಟ್ಟೆ.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವರು ಊಟದ ತಟ್ಟೆಯಿಂದ ಕೈ ಎತ್ತಿದರು.

"ನಿನಗೆ ಎಂತ ಮರ್ಲಾ ಮಾರಾಯ್ತಿ? ನಾವು ಇಕಾಮಾ ಕಾರ್ಡಿನಲ್ಲಿ ಈ ದೇಶದಲ್ಲಿ ಇರುವವರು. ಮದ್ದು, ಗುಂಡು ಅಂತ ಯಾರಾದರೂ ಕೇಳಿದರೆ ಎಂತ ಹೇಳುವುದು?"

"ಕ್ಲಬ್ಬಿನದ್ದು. ಪರವಾನಗಿ ಉಂಟು."

"ಪರವಾನಗಿ ಅವರಿಗುಂಟು. ನಿನಗೆ ಉಂಟಾ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮರುದಿನ ಅದನ್ನೇ ಹಾಗೆಯೇ ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. ವಾರ ಕಳೆಯುವುದರೊಳಗೆ ನನ್ನನ್ನೂ ನನ್ನ ಗಂಡನನ್ನೂ ಕ್ಲಬ್ಬಿಗೆ ಕರೆದೊಯ್ದು, ಅಲ್ಲಿನ ಮೇಲ್ವಿಚಾರಕರ ಮುಂದೆ ಕೂರಿಸಿ, ಎಲ್ಲವನ್ನೂ ಮಾತಾಡಿ ಸ್ಪಷ್ಟಪಡಿಸಿದರು. ಹಿತ್ತಾಳೆಯನ್ನು ಉಜ್ಜುವುದು, ಒತ್ತುವುದು, ಅಳೆಯುವುದನ್ನು ಅವರ ಮನೆಯಲ್ಲಿ ಮಾಡಬಹುದು. ಕೇಪು, ಮದ್ದು ಮಾತ್ರ ಕ್ಲಬ್ಬಿನ ಬೀಗದ ಕೋಣೆ ಬಿಟ್ಟು ಹೊರಗೆ ಬರುವಂತಿಲ್ಲ. ತುಂಬುವ ಕೆಲಸ ಅಲ್ಲೇ, ಸದಸ್ಯರೊಬ್ಬರ ಎದುರಿನಲ್ಲಿ. ನನ್ನ ಹೆಸರನ್ನು ಸಹಾಯಕಿ ಎಂದು ಬರೆದುಕೊಂಡರು. ಗಂಡ ಎರಡೆರಡು ಸಲ ಕೇಳಿ ತಿಳಿದುಕೊಂಡರು. ಹಿಂದಿರುಗುವಾಗ ಕಾರಿನಲ್ಲಿ, "ಕಾನೂನು ಸರಿ ಇರಬಹುದು. ನನ್ನ ಹೆದರಿಕೆ ಎಲ್ಲಿ ಹೋಗ್ತದೆ?" ಅಂದರು. ಬೇಡವೆಂದು ಮಾತ್ರ ಹೇಳಲಿಲ್ಲ.

ಹೀಗೆ ನನ್ನ ಹೊಸ ಪಾಠ ಶುರುವಾಯಿತು. ಶುಕ್ರವಾರ ಜುಮಾ ನಮಾಜು ಆದ ಮೇಲೆ ಡಾಕ್ಟರರ ಮನೆಗೆ ಹೋಗುತ್ತಿದ್ದೆ. ಮುದುಕರನ್ನು ನಾನು "ಯಾ ಅಮ್" ಎಂದು ಕರೆಯುತ್ತಿದ್ದೆ, ನಮ್ಮಲ್ಲಿ ಹಿರಿಯರನ್ನು ಚಿಕ್ಕಪ್ಪ ಎಂದು ಕರೆಯುವಂತೆ. ಅವರು ಕುರ್ಚಿಯಲ್ಲಿ ಕುಳಿತು ಬಾಯಲ್ಲಿ ಹೇಳುವುದು, ನಾನು ಕೈಯಲ್ಲಿ ಮಾಡುವುದು. ಮೊದಲ ಕೆಲವು ವಾರ ಪ್ರೆಸ್ಸಿನ ಹಿಡಿಯನ್ನು ಮುಟ್ಟಲೂ ಬಿಡಲಿಲ್ಲ. ಚಿಪ್ಪುಗಳನ್ನು ಮೆರುಗಿನ ಡಬ್ಬಿಗೆ ಹಾಕಿ ತಿರುಗಿಸಿ ತೆಗೆದು, ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಬಾಯಿಯಲ್ಲಿ ಸೀಳು ಇದೆಯೇ, ಬುಡದ ಹತ್ತಿರ ಉಂಗುರದಂಥ ಹೊಳೆಯುವ ಗೆರೆ ಇದೆಯೇ. ಅಂಥ ಗೆರೆ ಕಂಡರೆ ಆ ಚಿಪ್ಪಿನ ಆಯುಷ್ಯ ಮುಗಿಯಿತೆಂದು ಅರ್ಥ. ಒಳಗಿನ ಗೋಡೆ ಅಲ್ಲಿ ತೆಳುವಾಗಿರುತ್ತದೆ. ಅದನ್ನು ಇಕ್ಕುಳದಲ್ಲಿ ಜಜ್ಜಿ ಬೇರೆ ಡಬ್ಬಿಗೆ ಎಸೆಯಬೇಕು, ಇನ್ನೊಬ್ಬರು ತಪ್ಪಿಯೂ ಬಳಸದ ಹಾಗೆ.

ಆ ಕೆಲಸ ನನಗೆ ಬೇಸರ ತರಲಿಲ್ಲ. ಎರಕ ಹೊಯ್ದ ಹಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕು ಹುಡುಕುವ ಕಣ್ಣು ಇದ್ದೇ ಇತ್ತು. ಆದರೆ ಆ ಕಣ್ಣೇ ನನ್ನ ಜಂಬವನ್ನು ಸ್ವಲ್ಪ ಏರಿಸಿಬಿಟ್ಟಿತು. ಪ್ರೆಸ್ಸು ಮುಟ್ಟಲು ಅಪ್ಪಣೆ ಸಿಕ್ಕ ದಿನ ನಾನು ಎಲ್ಲ ಬಲ್ಲವಳಂತೆ ಕುಳಿತೆ.

ಚಿಪ್ಪನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಒತ್ತುವ ಮುಂಚೆ ಅದಕ್ಕೆ ಮೇಣದಂಥ ಜಿಡ್ಡು ಸವರಬೇಕು. "ಶುವಯ್ಯ, ಶುವಯ್ಯ" ಎಂದು ಅವರು ಹೇಳುತ್ತಲೇ ಇದ್ದರು, ಸ್ವಲ್ಪ ಸ್ವಲ್ಪ ಎಂದು. ಹೆಚ್ಚಾದರೆ ಚಿಪ್ಪು ನೆಗ್ಗುತ್ತದೆಂದೂ ಹೇಳಿದ್ದರು. ಹೆಚ್ಚಾಗಬಾರದೆಂಬ ಭಯಕ್ಕೆ ನಾನು ಒಂದಕ್ಕೆ ಸವರಿದ್ದು ಸವರದಷ್ಟೇ ಆಯಿತು. ಹಿಡಿ ಕೆಳಗೆ ಹೋಯಿತು. ಮೇಲೆತ್ತಲು ಹೋದರೆ ಬರಲಿಲ್ಲ. ನಾನು ಇನ್ನಷ್ಟು ಬಲ ಹಾಕಿದೆ. ಚಟ್ ಎಂದು ಸದ್ದಾಗಿ ಚಿಪ್ಪಿನ ಬುಡದ ಅಂಚು ಕಿತ್ತು ಬಂತು. ಚಿಪ್ಪು ಅಚ್ಚಿನೊಳಗೇ ಸಿಕ್ಕಿಹಾಕಿಕೊಂಡಿತು.

ಆ ಡೈ ಅವರು ಸೈನ್ಯದಲ್ಲಿದ್ದಾಗ ತರಬೇತಿಗೆಂದು ಹೊರದೇಶಕ್ಕೆ ಹೋಗಿ ತಂದದ್ದೆಂದು ಡಾಕ್ಟರು ಹೇಳಿದ್ದರು. ತಿರುಗಿ ನೋಡಿದರೆ ಮುದುಕರು ಸುಮ್ಮನೆ ಕಹ್ವಾ ಕುಡಿಯುತ್ತಿದ್ದರು.

"ಎಲ್ಲರಿಗೂ ಒಂದು ಸಿಕ್ಕಿಕೊಳ್ಳುತ್ತದೆ" ಎಂದರು. "ಈಗ ಹೇಗೆ ತೆಗೆಯುತ್ತೀ?"

"ನೀವು ಹೇಳಿ, ಯಾ ಅಮ್."

"ಹೇಳುವುದಿಲ್ಲ. ಡ್ರಾಯರಿನಲ್ಲಿ ಸಾಮಾನು ಇದೆ."

ಡ್ರಾಯರು ತೆರೆದು ಬಹಳ ಹೊತ್ತು ನೋಡುತ್ತ ನಿಂತೆ. ಹಲ್ಲಿನ ಬೇರಿನೊಳಗೆ ಕಡ್ಡಿ ಮುರಿದು ಉಳಿದಾಗ ಡಾಕ್ಟರು ಅದನ್ನು ಹೇಗೆ ಹೊರಗೆ ತರುತ್ತಾರೆಂದು ನಾನು ನೋಡಿದ್ದೇನೆ. ಹೊರಗಿನಿಂದ ಹಿಡಿಯಲು ಏನೂ ಇಲ್ಲದಿದ್ದರೆ ಒಳಗಿನಿಂದ ಹಿಡಿತ ಹುಟ್ಟಿಸಬೇಕು. ಚಿಪ್ಪಿನ ಬುಡದ ನಡುವೆ ಇದ್ದ ತೂತನ್ನು ಮೋಟರಿನಿಂದ ದೊಡ್ಡದು ಮಾಡಿದೆ. ಟ್ಯಾಪು ಎಂಬ ಸಾಧನ ಹಾಕಿ ಒಳಗೆ ತಿರುಪು ಕೊರೆದೆ. ಅದಕ್ಕೊಂದು ಬೋಲ್ಟು ಬಿಗಿದು, ಬೋಲ್ಟಿನ ತಲೆಯ ಕೆಳಗೆ ಕಬ್ಬಿಣದ ಬಿಲ್ಲೆಗಳನ್ನು ಕೊಟ್ಟು, ಸ್ಪ್ಯಾನರಿನಿಂದ ತಿರುಗಿಸುತ್ತ ಹೋದೆ. ಚಿಪ್ಪು ಮೆಲ್ಲನೆ ಜಾರಿ ಹೊರಗೆ ಬಂತು. ಡೈ ಒಳಗೆ ಟಾರ್ಚು ಹಿಡಿದು ನೋಡಿದೆ. ಒಂದು ಗೀರೂ ಇರಲಿಲ್ಲ.

ಮುದುಕರು ಡೈ ಅನ್ನು ತೆಗೆದುಕೊಂಡು ತಾವೂ ನೋಡಿದರು. ಕೈ ನಡುಗುತ್ತಿದ್ದುದರಿಂದ ಬಹಳ ಹೊತ್ತು ಬೇಕಾಯಿತು. ನೋಡಿ ಮುಗಿಸಿ, "ಅದನ್ನು ಒರೆಸಿ ಮುಂದಿನದ್ದು ಹಾಕು" ಎಂದಷ್ಟೇ ಹೇಳಿದರು. ಅಂದು ಮನೆಗೆ ಬರುವಾಗ ಆ ಹರಿದ ಚಿಪ್ಪನ್ನು ತರಬೇಕೆಂದು ಆಸೆಯಾಯಿತು. ಹಿತ್ತಾಳೆಯ ಒಂದು ಚೂರೂ ಆ ಮನೆಯಿಂದ ಹೊರಗೆ ಬರಬಾರದೆಂಬ ಮಾತು ನಾನೇ ಗಂಡನಿಗೆ ಕೊಟ್ಟದ್ದು. ಬಿಟ್ಟು ಬಂದೆ.

ಚಳಿಗಾಲ ಬರುವಷ್ಟರಲ್ಲಿ ಒತ್ತಿ, ಉದ್ದ ಕತ್ತರಿಸಿ, ಬಾಯಿ ನಯಮಾಡಿದ ಚಿಪ್ಪುಗಳು ಸಾಲಾಗಿ ನಿಂತವು. ವರ್ನಿಯರಿನಲ್ಲಿ ಯಾವುದನ್ನು ಅಳೆದರೂ ಒಂದೇ ಲೆಕ್ಕ ಬರುತ್ತಿತ್ತು. ಇನ್ನು ತುಂಬುವುದು ಬಾಕಿ. ಅದಕ್ಕೆ ಕ್ಲಬ್ಬಿಗೆ ಹೋಗಬೇಕು.

ಕ್ಲಬ್ಬು ಇರುವುದು ಊರಿನಾಚೆ, ಕೆಂಪು ಮರಳುಗಲ್ಲಿನ ಗುಡ್ಡಗಳ ಬುಡದಲ್ಲಿ. ಬೀಗದ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ. ಫೋನು ಹೊರಗೆ ಬಿಡಬೇಕು. ತಕ್ಕಡಿಗೆ ಗಾಳಿ ತಾಗಬಾರದೆಂದು ಫ್ಯಾನು, ಹೀಟರು ಎರಡೂ ಬಂದ್. ತಬೂಕಿನ ಚಳಿಯಲ್ಲಿ ಬೆರಳು ಮರಗಟ್ಟುತ್ತಿತ್ತು. ಎಷ್ಟು ಮದ್ದು ಎಂಬುದನ್ನು ನಾನು ನಿರ್ಧರಿಸುವಂತಿರಲಿಲ್ಲ. ಮದ್ದಿನ ಕಂಪನಿ ಅಚ್ಚುಹಾಕಿಸಿದ ಕೈಪಿಡಿ ನೋಡಿ ಮುದುಕರು ಹೇಳುತ್ತಿದ್ದರು, ಅದೂ ಅತ್ಯಂತ ಕಡಿಮೆಯ ಅಳತೆಯಿಂದ ಆರಂಭ. "ಊಹೆ ಮಾಡುವವರು ಅಡುಗೆ ಮಾಡಲಿ" ಎನ್ನುತ್ತಿದ್ದರು. ನಾನು ಅಡುಗೆಯಲ್ಲಿ ಮಾತ್ರ ಊಹೆ ಮಾಡುವವಳು, ಆದ್ದರಿಂದ ನಗು ಬಂತು.

ಮೊದಲ ದಿನ ಎಲ್ಲ ಸರಿಯಾಗಿ ನಡೆಯಿತು. ಕೇಪುಗಳನ್ನು ಕೂರಿಸಿ ಆಗಿತ್ತು. ಚಿಪ್ಪುಗಳು ತೂತುಗಳಿರುವ ಮರದ ಮಣೆಯಲ್ಲಿ ನಿಂತಿದ್ದವು. ನಾನು ಮದ್ದು ತೂಗುವುದು, ಚಿಕ್ಕ ಆಲಿಕೆಯಿಂದ ಸುರಿಯುವುದು, ಮುಂದಿನದಕ್ಕೆ ಹೋಗುವುದು. ಮುದುಕರು ನಮಾಜಿಗೆಂದು ಎದ್ದು ಹೋಗುವಾಗ, ತಾವು ಬರುವವರೆಗೆ ಹಿಡಿದ ಸಾಲು ಮುಗಿಸಿ ನಿಲ್ಲಿಸಲು ಹೇಳಿದ್ದರು. ಮೇಲ್ವಿಚಾರಕರು ಹೊರಗೆ ಬಾಗಿಲ ಬಳಿಯ ಮೇಜಿನಲ್ಲಿ ಕಾವಲಿದ್ದರು. ಆಗ ಚಹಾ ಕೊಡುವ ಬಂಗಾಳಿ ಬಾಗಿಲು ತಟ್ಟಿ, "ಮದಾಮ್, ಚಾಯ್?" ಎಂದು ಕೇಳಿದ. ಬೇಡವೆಂದು ತಿರುಗಿ ಹೇಳಿದೆ. ಮತ್ತೆ ಮಣೆಯ ಕಡೆ ನೋಡಿದಾಗ ಕೈಯಲ್ಲಿ ತಕ್ಕಡಿಯ ಬಟ್ಟಲು ಖಾಲಿಯಾಗಿತ್ತು. ಸುರಿದದ್ದು ಯಾವುದಕ್ಕೆ? ಒಂದಕ್ಕೇ ಎರಡು ಸಲ ಬಿದ್ದಿದ್ದರೆ ಕೋವಿಯೇ ಸಿಡಿದೀತು.

ಟಾರ್ಚು ಹಿಡಿದು ಒಂದೊಂದರ ಬಾಯಿಯೊಳಗೂ ಇಣುಕಿದೆ. ಎಲ್ಲದರಲ್ಲೂ ಮದ್ದು ಒಂದೇ ಮಟ್ಟಕ್ಕೆ ನಿಂತಂತೆ ಕಂಡಿತು. ಖಾಲಿ ಇದ್ದದ್ದು ಖಾಲಿಯೇ ಇತ್ತು. ಎಲ್ಲ ಸರಿ ಎಂದು ಕಣ್ಣು ಹೇಳಿತು. ಮನಸ್ಸು ಹೇಳಲಿಲ್ಲ. ನಡುವಿನ ಒಂದರಲ್ಲಿ ಸ್ವಲ್ಪ ಹೆಚ್ಚಿದೆಯೇನೋ ಅನ್ನಿಸಿತು, ಮತ್ತೊಮ್ಮೆ ನೋಡಿದರೆ ಇಲ್ಲ ಅನ್ನಿಸಿತು. ಒಂದು ಕ್ಷಣ ಸುಮ್ಮನಿದ್ದುಬಿಡಲು ಮನಸ್ಸಾಯಿತು. ಬೆಳಗಿನಿಂದ ಮಾಡಿದ ಕೆಲಸ. ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಆದರೆ ಆ ತೋಟೆ ಸಿಡಿಯುವಾಗ ಕೋವಿಗೆ ಕೆನ್ನೆ ಒತ್ತಿಕೊಂಡು ಇರುವವರು ಯಾರು?

ಮಣೆಯಲ್ಲಿದ್ದ ಎಲ್ಲವನ್ನೂ ಒಂದೊಂದಾಗಿ ಎತ್ತಿ, ಮದ್ದನ್ನು ಮತ್ತೆ ಅದರ ಡಬ್ಬಿಗೆ ಸುರಿಯತೊಡಗಿದೆ. ಅರ್ಧ ಆಗುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಮುದುಕರು ಬಂದು ನಿಂತಿದ್ದರು.

"ಏನಾಯಿತು?"

"ಒಂದರ ಮೇಲೆ ಸಂಶಯ ಬಂತು."

"ಟಾರ್ಚು ಹಾಕಿ ನೋಡಲಿಲ್ಲವಾ?"

"ನೋಡಿದೆ. ಎಲ್ಲ ಒಂದೇ ಸಮ ಕಂಡಿತು."

"ಮತ್ತೆ ಯಾಕೆ ಸುರಿಯುತ್ತಿದ್ದೀ?"

"ದುಕ್ತೂರಾ ಹೊಡೆಯುವ ತೋಟೆ ಅಲ್ಲವಾ ಇದು" ಎಂದೆ. "ನನಗೆ ಕಂಡದ್ದು ಸಾಲದು."

ಅವರು ಒಳಗೆ ಬಂದು ಆ ಒಂದೇ ಕುರ್ಚಿಯ ಬೆನ್ನನ್ನು ಹಿಡಿದು ನಿಂತರು. ನಾನು ಉಳಿದದ್ದನ್ನೂ ಸುರಿದು ಮುಗಿಸಿದೆ. ಆಮೇಲೆ ಹೇಳಿದರು, "ಮುಂದಿನ ವಾರದಿಂದ ನಾನು ಹೊರಗೆ ಬಿಸಿಲಿನಲ್ಲಿ ಕೂರುತ್ತೇನೆ. ಬಾಗಿಲು ತೆರೆದಿರಲಿ. ನಿನ್ನ ಕೈ ಕಾಯುವ ಅಗತ್ಯ ನನಗಿಲ್ಲ."

ನನ್ನ ಕೆಲಸದ ಬದುಕಿನಲ್ಲಿ ಸರ್ಟಿಫಿಕೇಟು ಸಿಕ್ಕಿದೆ, ಕ್ಲಿನಿಕ್ಕಿನವರು ಕೇಕು ಕತ್ತರಿಸಿದ್ದಾರೆ. ಆ ಮಾತಿನಷ್ಟು ನನ್ನ ಬೆನ್ನನ್ನು ನೆಟ್ಟಗೆ ಮಾಡಿದ್ದು ಇನ್ನೊಂದಿಲ್ಲ. ಬೆಳಗಿನಿಂದ ಮಾಡಿದ್ದೆಲ್ಲ ಮತ್ತೆ ಮೊದಲಿನಿಂದ ಮಾಡಬೇಕಿತ್ತು. ಮಾಡಿದೆ.

ತುಂಬಿದ ತೋಟೆಗಳನ್ನು ಹೊಡೆದು ನೋಡುವ ದಿನ ಬಂತು. ಗಂಡ ತಾನೂ ಬರುತ್ತೇನೆಂದರು. "ನೋಡುವುದಕ್ಕೆ ಅಲ್ಲ. ನಿನಗೆ ಎಂತಾದರೂ ಆದರೆ ಕಾರು ಬಿಡಲು ಜನ ಬೇಕಲ್ಲ" ಎಂದರು. ಮುಖ ಸಪ್ಪಗಿತ್ತು. ದಾರಿಯುದ್ದಕ್ಕೂ ರೇಡಿಯೋ ಕೂಡ ಹಾಕಲಿಲ್ಲ.

ರೇಂಜಿನಲ್ಲಿ ಡಾಕ್ಟರು ರೈಫಲನ್ನು ಮೇಜಿನ ಮೇಲೆ ಮರಳು ಚೀಲಗಳಿಗೆ ಒರಗಿಸಿ ಸಿದ್ಧ ಮಾಡಿದರು. ನಾನು ಡಬ್ಬಿ ತೆರೆದು ಮೊದಲ ತೋಟೆಯನ್ನು ಅವರಿಗೆ ಕೊಡಲು ಹೋದೆ. ಮುದುಕರು ಮಗಳ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದರು.

"ನೀನು ಆಮೇಲೆ" ಎಂದರು.

"ಅಪ್ಪ, ಕೈ ನಡುಗುತ್ತದೆ ನಿಮಗೆ."

"ಗುರಿಗೆ ತಾಗಿಸಲು ಅಲ್ಲ. ಇವಳಿಗೆ ಕಲಿಸಿದ್ದು ನಾನು. ತಪ್ಪೇನಾದರೂ ಇದ್ದರೆ ಅದು ನನ್ನ ಮುಖಕ್ಕೆ ಬರಲಿ."

ಅವರು ಕುಳಿತರು. ತೋಟೆಯನ್ನು ನನ್ನ ಕೈಯಿಂದಲೇ ತೆಗೆದುಕೊಂಡರು. ಅದನ್ನು ಕೋವಿಯೊಳಗೆ ಇಡುವಾಗ ಎರಡು ಸಲ ಅಂಚಿಗೆ ತಾಗಿ ಜಾರಿತು. ಮೂರನೆಯ ಸಲಕ್ಕೆ ಒಳಗೆ ಹೋಯಿತು. ಕೋವಿಯ ಬಾಗಿಲಿನಂಥ ಬೋಲ್ಟು ಮುಚ್ಚಿದ ಸದ್ದು ಬಂತು. ನನ್ನ ಗಂಡ ಹಿಂದಿನಿಂದ ನನ್ನ ಅಬಾಯದ ತೋಳು ಹಿಡಿದುಕೊಂಡಿದ್ದರು. ಅದು ಅವರಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಸದ್ದಾಯಿತು. ಗುಡ್ಡದಿಂದ ಅದು ತಿರುಗಿ ಬಂತು. ಮುದುಕರು ಬೋಲ್ಟು ತೆರೆದು, ಬಿಸಿ ಚಿಪ್ಪನ್ನು ತೆಗೆದು, ಕನ್ನಡಕ ಏರಿಸಿ ಅದರ ಬುಡವನ್ನು ನೋಡಿದರು. ಮದ್ದು ಹೆಚ್ಚಾದರೆ ಕಾಣುವ ಗುರುತು ಒಂದೂ ಇರಲಿಲ್ಲ, ಕೇಪು ಚಪ್ಪಟೆಯಾಗಿಲ್ಲ, ಎಲ್ಲೂ ಹೊಗೆ ಸೋರಿದ ಕಲೆಯಿಲ್ಲ. ಅದನ್ನು ನನಗೆ ಕೊಟ್ಟು, "ಮಬ್ರೂಕ್" ಎಂದು ಅಭಿನಂದಿಸಿದರು. ಆಮೇಲೆ ಎದ್ದು ಮಗಳಿಗೆ ಜಾಗ ಬಿಟ್ಟುಕೊಟ್ಟರು.

ಡಾಕ್ಟರು ಐದು ಹೊಡೆದರು. ದುರ್ಬೀನಿನಲ್ಲಿ ನೋಡಿ ನನ್ನನ್ನು ಕರೆದರು. ಕಣ್ಣಿಟ್ಟೆ. ಬಿಳಿ ಹಾಳೆಯ ಮೇಲೆ ಒಂದೇ ಒಂದು ಹರಕು ತೂತು ಕಂಡಿತು. ಉಳಿದವು ಹೊರಗೆ ಹೋದವೆಂದುಕೊಂಡು ದುರ್ಬೀನಿನಿಂದ ಕಣ್ಣು ತೆಗೆದೆ.

"ಉಳಿದವು ಎಲ್ಲಿ?"

"ಸರಿಯಾಗಿ ನೋಡು" ಎಂದರು ಡಾಕ್ಟರು. "ಐದೂ ಅಲ್ಲೇ ಇವೆ."

ಹಾಳೆಯನ್ನು ಹತ್ತಿರ ತಂದಾಗ ಮುದುಕರು ಜೇಬಿನಿಂದ ರಿಯಾಲ್ ನಾಣ್ಯ ತೆಗೆದು ಅದರ ಮೇಲಿಟ್ಟರು. ಒಂದು ಬದಿಯಲ್ಲಿ ಮಾತ್ರ ಸ್ವಲ್ಪ ಅಂಚು ಹೊರಗೆ ಕಂಡಿತು. ತಮ್ಮ ಕಾಲದಲ್ಲಿ ಅದೂ ಕಾಣುತ್ತಿರಲಿಲ್ಲ ಎಂದು ಅವರು ಹೇಳದೆ ಬಿಡಲಿಲ್ಲ. ಮಗಳು ಕಣ್ಣಲ್ಲೇ ಗದರಿದರು. ನನಗೆ ಅದರಿಂದ ಬೇಸರವಾಗಲಿಲ್ಲ. ಮುಂದೆ ಮಾಡಲು ಇನ್ನೂ ಏನೋ ಉಳಿದಿದೆ ಎಂಬುದು ಸಂತೋಷದ ಸಂಗತಿಯೇ.

ಕೊನೆಗೆ ನನಗೂ ಒಂದು ತೋಟೆ ಕೊಟ್ಟು ಕೂರಿಸಿದರು. ಆವರೆಗೆ ನಾನು ಕೋವಿ ಹೊಡೆದವಳಲ್ಲ. ಕುದುರೆ ಎಳೆದದ್ದು ಗೊತ್ತಾಗಲೇ ಇಲ್ಲ, ಹೆಗಲಿಗೆ ಗುದ್ದಿದ್ದು ಮಾತ್ರ ಗೊತ್ತಾಯಿತು. ಹಾಳೆಯ ಮೂಲೆಗೆ ತಾಗಿತ್ತು. ಹಾಳೆಗೆ ತಾಗಿದ್ದೇ ದೊಡ್ಡದೆಂದು ಗಂಡ ಸಮಾಧಾನ ಹೇಳಿದರು. ಹೊಡೆಯುವುದು ನನ್ನ ಕೆಲಸವಲ್ಲ ಎಂದು ಅಂದೇ ತಿಳಿಯಿತು. ತುಂಬುವುದು ನನ್ನ ಕೆಲಸ.

ಆ ಚಳಿಗಾಲದ ಕೊನೆಗೆ ಕ್ಲಬ್ಬಿನಲ್ಲಿ ಹೆಂಗಸರ ಪಂದ್ಯ ನಡೆಯಿತು. ಬೇರೆ ಊರುಗಳಿಂದಲೂ ಬಂದಿದ್ದರು. ಬೆಳಿಗ್ಗೆ ಗಾಳಿ ಇರಲಿಲ್ಲ. ಡಾಕ್ಟರರ ಸರದಿ ಬರುವ ಹೊತ್ತಿಗೆ ಗುಡ್ಡದ ಸಂದಿನಿಂದ ಗಾಳಿ ಎದ್ದು ಬಾವುಟಗಳು ಅಡ್ಡಕ್ಕೆ ನಿಂತವು. ನಾನು ಹಿಂದಿನ ಬೆಂಚಿನಲ್ಲಿ ಮುದುಕರ ಪಕ್ಕ ಕುಳಿತಿದ್ದೆ. ತೋಟೆಗಳ ಡಬ್ಬಿಯನ್ನು ಅವರ ಮಗಳಿಗೆ ಕೊಟ್ಟ ಮೇಲೆ ನನ್ನ ಕೈಗೆ ಮಾಡಲು ಏನೂ ಇರಲಿಲ್ಲ. ತಸ್ಬೀಹ್ ಮಣಿಗಳನ್ನು ತಿರುಗಿಸುತ್ತ ಕುಳಿತೆ. ಡಾಕ್ಟರು ಗಾಳಿ ತಗ್ಗುವುದನ್ನು ಕಾದು, ಹೊಡೆದು, ಮತ್ತೆ ಕಾದರು. ಹಿತ್ತಾಳೆಯ ಮುಂದೆ ತಾಳ್ಮೆ ಇಲ್ಲ ಎಂದ ಅದೇ ಹೆಂಗಸು ಅಲ್ಲಿ ಬೋರಲಾಗಿ, ಕಲ್ಲಿನಂತೆ ಮಲಗಿ ಗುರಿ ಹಿಡಿದಿದ್ದರು. ಒಂದೇ ಒಂದು ಗುಂಡು ಗಾಳಿಗೆ ಸಿಕ್ಕಿ ಬದಿಗೆ ಹೋಯಿತು. ಎರಡನೆಯ ಸ್ಥಾನ ಬಂತು.

ಬಹುಮಾನ ಕೊಟ್ಟಾದ ಮೇಲೆ ಟೆಂಟಿನಲ್ಲಿ ಎಲ್ಲರೂ ಬೆಂಕಿಯ ಸುತ್ತ ಕುಳಿತಿದ್ದೆವು. ಮೊದಲ ಸ್ಥಾನ ಪಡೆದವರ ತರಬೇತುದಾರರು ಬಂದು ಮುದುಕರಿಗೆ ಸಲಾಂ ಹೇಳಿ, ಡಾಕ್ಟರರ ಗುರಿಹಾಳೆಯನ್ನು ಹೊಗಳಿ, "ಇದು ಯಾವ ಕಂಪನಿಯ ತೋಟೆ? ನಾವೂ ತರಿಸಬೇಕು" ಎಂದು ಕೇಳಿದರು.

ಮುದುಕರು ಕೈ ಎತ್ತಿ ನನ್ನ ಕಡೆ ತೋರಿಸಿದರು. ಕೈ ನಡುಗುತ್ತಿತ್ತು, ಆದರೆ ಯಾರನ್ನು ತೋರಿಸುತ್ತಿದ್ದಾರೆಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

"ಈ ಕಂಪನಿ" ಎಂದರು.

ಆ ತರಬೇತುದಾರರು ನನ್ನನ್ನೂ ಮುದುಕರನ್ನೂ ನೋಡಿದರು. "ಹಿಂದ್‌ನಿಂದ ಬಂದವಳಾ?" ಎಂದು ಕೇಳಿದರು, ಇಂಡಿಯಾದವಳಾ ಎಂಬ ಅರ್ಥದಲ್ಲಿ. ಡಾಕ್ಟರು ನಡುವೆ ಬಾಯಿ ಹಾಕಿ, "ನನ್ನ ಕ್ಲಿನಿಕ್ಕಿನವಳು. ಹಲ್ಲೂ ಮಾಡುತ್ತಾಳೆ, ತೋಟೆಯನ್ನೂ ಮಾಡುತ್ತಾಳೆ. ಎರಡನ್ನೂ ಕೊಡುವುದಿಲ್ಲ ನಿಮಗೆ" ಎಂದರು. ಟೆಂಟಿನಲ್ಲಿ ನಗು ಎದ್ದಿತು. ನಾನು ತಲೆ ತಗ್ಗಿಸಿ ಕಹ್ವಾ ಕುಡಿದೆ.

ಹಿಂದಿರುಗುವ ದಾರಿಯಲ್ಲಿ ಗಂಡ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಇಳಿದರು. ಟ್ಯಾಂಕು ತುಂಬುತ್ತಿರುವಾಗ ಅವರು ಅಂಗಡಿಯ ಬದಿಗೆ ಹೋಗಿ ಫೋನು ಕಿವಿಗಿಟ್ಟುಕೊಂಡದ್ದು ಕಂಡಿತು. ಕಿಟಕಿ ಇಳಿಸಿದ್ದೆ. ಊರಿನಲ್ಲಿರುವ ತಮ್ಮ ಉಮ್ಮನ ಜೊತೆ ಮಾತಾಡುತ್ತಿದ್ದರು. ಉಮ್ಮನಿಗೆ ಕಿವಿ ಮಂದ, ಹಾಗಾಗಿ ಅವರ ಮಾತು ಬಂಕಿನಲ್ಲಿ ಇದ್ದವರಿಗೆಲ್ಲ ಕೇಳುತ್ತಿತ್ತು.

"ಹೌದು ಉಮ್ಮ, ನಿಮ್ಮ ಸೊಸೆಯೇ. ಕೋವಿಯ ತೋಟೆ. ಅಲ್ಲ, ಅಲ್ಲ, ತೊಟ್ಟಿಲು ಅಲ್ಲ, ತೋಟೆ. ಎಲ್ಲ ಕಾನೂನು ಪ್ರಕಾರ, ಹೆದರುವುದು ಎಂತ ಉಂಟು? ನಾನೇ ಹೋಗಿ ಕೇಳಿ ಬಂದಿದ್ದೇನೆ. ಸೌದಿಯವರೆಲ್ಲ ಇವಳ ಹತ್ತಿರ ಬಂದು ಯಾವ ಕಂಪನಿಯದ್ದು ಅಂತ ಕೇಳಿದರು. ಪ್ರೈಜಾ? ಪ್ರೈಜು ಇವಳಿಗೇ."

ಕಾರಿಗೆ ಬಂದು ಕುಳಿತಾಗ ಬಹುಮಾನ ನನಗೆ ಬಂದದ್ದಲ್ಲ ಎಂದು ತಿದ್ದಬೇಕೆಂದುಕೊಂಡೆ. ಅವರು ರೇಡಿಯೋ ಹಾಕಿದರು, ಸೀಟು ಹಿಂದಕ್ಕೆ ಸರಿಸಿಕೊಂಡರು. ನಾನು ತಿದ್ದಲಿಲ್ಲ.